ಸೆನೆಟರರ ಹೆಂಡತಿಯ ಬುಧವಾರಗಳು

ಅಡುಗೆಮನೆಯ ಡ್ರಾಯರುಗಳಿಗೆಲ್ಲ ಚೀಟಿ ಅಂಟಿಸಿದ್ದು ಕಂಡಾಗಲೇ ಎಲ್ವುಡ್ ಟ್ರುಯಿಟ್‌ಗೆ ಅನುಮಾನ ಹತ್ತಿದ್ದು. ‘ಚಮಚ’, ‘ಕಾಫಿಪುಡಿ’, ‘ಲೋಟ’. ನಲವತ್ತೊಂದು ವರ್ಷ ಈ ಮನೆಯಲ್ಲಿ ಬಾಳಿದ ಗಂಡನಿಗೆ ಚಮಚ ಎಲ್ಲಿದೆಯೆಂದು ಹೇಳಿಕೊಡಬೇಕೆ? ಇದು ಹೊಸಬನಿಗೆ. ಈ ಮನೆಗೆ ಕಾಲಿಡಲಿರುವ ಇನ್ನೊಬ್ಬನಿಗಾಗಿ ನೋರೀನ್ ಎಲ್ಲ ಅಣಿಮಾಡುತ್ತಿದ್ದಾಳೆ.

ಆ ಇನ್ನೊಬ್ಬ ಯಾರೆಂದು ತಿಳಿಯಲು ಬಹಳ ದೂರ ಹೋಗಬೇಕಿರಲಿಲ್ಲ. ಡೆಲವೇರ್ ಎಂದರೆ ಅಮೆರಿಕದ ಅಂಗೈಯಗಲದ ರಾಜ್ಯ. ಈ ತುದಿಯಲ್ಲಿ ಸೀನಿದರೆ ಆ ತುದಿಯವರು ಕರವಸ್ತ್ರ ಚಾಚುತ್ತಾರೆ. ಮೂರು ಸಲ ಗೆದ್ದ ಸೆನೆಟರ್ ಎಲ್ವುಡ್ ನಾಲ್ಕನೆಯ ಸಲಕ್ಕೆ ನಿಂತಿದ್ದ. ಎದುರಾಳಿ ಕರ್ಟಿಸ್ ಹಡ್ಸನ್. ನಲವತ್ತಾರರ ಪ್ರಾಯ, ತಲೆತುಂಬ ಕೂದಲು, ಮದುವೆಯಿಲ್ಲ. ಅಗ್ನಿಶಾಮಕ ಠಾಣೆಯವರು ಹಣ ಕೂಡಿಸಲು ಏರ್ಪಡಿಸಿದ್ದ ಕೋಳಿಯೂಟದ ದಿನ ನೋರೀನ್ ಅವನ ತಟ್ಟೆಗೆ ಬಡಿಸುತ್ತ ನಕ್ಕಿದ್ದಳು. ಅಂಥ ನಗು ತನಗೆ ಸಿಕ್ಕಿ ಎಷ್ಟು ಕಾಲವಾಯಿತು!

“ಈ ಸಲ ನಿಲ್ಲೋದು ಬೇಡ ಎಲ್ವುಡ್. ಸಾಕು, ಮನೆಗೆ ಬಂದುಬಿಡು.” ಬೇಸಿಗೆಯಿಂದ ಅವಳದ್ದು ಇದೊಂದೇ ರಾಗ.

“ಯಾರು ಗೆಲ್ಲಲಿ ಅಂತ ನಿನ್ನಾಸೆ? ಅದನ್ನೂ ಹೇಳಿಬಿಡು!”

ಅವಳು ಕಾರಿನ ಕೀಲಿಯನ್ನು ಕೈಚೀಲಕ್ಕೆ ಹಾಕಿಕೊಂಡಳು. ಈಗೀಗ ಕೀಲಿ ಅವಳ ಬಳಿಯೇ. ಗಂಡ ಬೆನ್ನುಹತ್ತಬಾರದಲ್ಲ! ಎಲ್ಲಿಗೆ ಹೊರಟೆ ಎಂದರೆ, “ಬೆಳಗ್ಗೆ ತಾನೇ ಹೇಳಿದ್ನಲ್ಲ,” ಎನ್ನುತ್ತಾಳೆ. ಬೆಳಗ್ಗೆ ಒಂದು ಮಾತೂ ಹೇಳಿರುವುದಿಲ್ಲ. ಅಬ್ಬಾ, ಎಂಥ ಸಲೀಸಾದ ಸುಳ್ಳು!

ಒಂದು ಬುಧವಾರ ಸಂಜೆ ಅವನು ಕೊಟ್ಟಿಗೆಯ ಹಳೆಯ ಪಿಕಪ್ ತೆಗೆದು ಹಿಂಬಾಲಿಸಿಯೇಬಿಟ್ಟ. ಪಕ್ಕದೂರಿನ ಚರ್ಚು. ಮುಕ್ಕಾಲು ಗಂಟೆಯ ಮೇಲೆ ಅದರ ನೆಲಮಾಳಿಗೆಯಿಂದ ಯಾರ್ಯಾರೋ ಹೊರಬಿದ್ದು ಹೋದ ಮೇಲೆ, ಕಟ್ಟಕಡೆಗೆ ಬಂದವರು ಇಬ್ಬರೇ. ನೋರೀನಳ ಕಣ್ಣು ಕೆಂಪಾಗಿತ್ತು. ಕರ್ಟಿಸ್ ಅವಳ ಎರಡೂ ಕೈ ಹಿಡಿದು ಏನೋ ಹೇಳಿದ. ಅವಳು ಅವನ ಹೆಗಲಿಗೆ ಹಣೆಯಿಟ್ಟಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಉರಿಯುವ ಹೊಟ್ಟೆಗೆ ಪರಾಂಬರಿಸುವ ತಾಳ್ಮೆ ಎಲ್ಲಿಂದ ಬರಬೇಕು?

ಇಪ್ಪತ್ತು ನಿಮಿಷದ ದಾರಿ, ಮನೆ ಸೇರಲು ಎರಡು ಗಂಟೆ ಹಿಡಿಯಿತು. ಹೊಸ ತಿರುವು, ಹೊಸ ಫಲಕ ಹಾಕಿ ಊರಿನ ಗುರುತೇ ಸಿಗದಂತೆ ಮಾಡಿದವರಿಗೆ ಹಿಡಿಶಾಪ ಹಾಕಿದ. ಬಂದವನೇ ಒಂದು ಕಾರ್ಡಿನ ಮೇಲೆ ಬರೆದ: ‘ಬುಧವಾರ. ಚರ್ಚು. ನೋರೀನ್, ಕರ್ಟಿಸ್.’ ಕೋಪ ಆರದಿರಲೆಂದು ದಿನಾ ಬೆಳಗ್ಗೆ ಅದನ್ನು ಓದಿಕೊಳ್ಳುತ್ತಿದ್ದ.

ಸಮೀಕ್ಷೆಗಳಲ್ಲಿ ಕರ್ಟಿಸ್ ಮುಂದಿದ್ದ. ಹೆಂಡತಿಯೂ ಅವನಿಗೆ, ಕುರ್ಚಿಯೂ ಅವನಿಗೆ! ಪ್ರಚಾರದ ಉಸ್ತುವಾರಿ ನೋಡುತ್ತಿದ್ದ ಗ್ಲೆಂಡಾ ಆ ಕಾರ್ಡು ಓದಿ ಕಣ್ಣರಳಿಸಿದಳು.

“ಅಮ್ಮಾವ್ರ ಹೆಸರು ಎತ್ತಬೇಡಿ ಸರ್. ಬರೀ ಪ್ರಶ್ನೆ ಕೇಳಿ. ಹಾವೂ ಸಾಯಬೇಕು, ಕೋಲೂ ಮುರೀಬಾರ್ದು.”

“ಕೋಲು ಮುರಿದರೆ ಮುರೀಲಿ. ಹಾವು ಸಾಯಬೇಕು.”

ಟಿ.ವಿ. ಚರ್ಚೆಯಲ್ಲಿ ಕರ್ಟಿಸ್‌ನದು ಬೆಣ್ಣೆಯಂಥ ಮಾತು. ಎಪ್ಪತ್ತೆರಡರ ಮುದುಕನ ಎದುರು ನಿಂತವನು ವಯಸ್ಸಿನ ಸುದ್ದಿಯನ್ನೇ ಎತ್ತಲಿಲ್ಲ. ಎಲ್ವುಡ್ ಒಮ್ಮೆ ಉತ್ತರದ ನಡುವೆ ತಡವರಿಸಿದಾಗ, ನೀರು ಕುಡಿಯುವ ನೆಪದಲ್ಲಿ ಅವನಿಗೆ ಸಮಯವನ್ನೂ ಕೊಟ್ಟ. ಅತಿವಿನಯಂ ಧೂರ್ತಲಕ್ಷಣಂ! ಎಲ್ವುಡ್ ಜೇಬಿನಿಂದ ಕಾರ್ಡು ತೆಗೆದ.

“ಹಡ್ಸನ್ ಅವರೇ, ಬುಧವಾರ ಸಂಜೆ ಎಲ್ಲಿರ್ತೀರಿ? ಯಾರ ಹೆಂಡತಿ ಜೊತೆ?”

ಕರ್ಟಿಸ್ ಬಾಯಿ ತೆರೆದ. ಮೊದಲ ಸಾಲಿನಲ್ಲಿ ಕೂತ ನೋರೀನ್ ಬಿಳಿಚಿಕೊಂಡು, ಬೇಡವೆಂಬಂತೆ ತಲೆಯಾಡಿಸಿದಳು. ಅವನು ಬಾಯಿ ಮುಚ್ಚಿದ.

“ಅದನ್ನ ಹೇಳೋ ಹಕ್ಕು ನನಗಿಲ್ಲ ಸರ್,” ಎಂದ ಕಡೆಗೆ.

ಇನ್ನೇನು ಬೇಕು? ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದ. ಮರುದಿನ ರಾಜ್ಯದ ಒಂದೊಂದು ಹೋಟೆಲಿನಲ್ಲೂ ಕಾಫಿಯ ಜೊತೆಗೆ ಅದೇ ಮಾತು. ಎಲ್ವುಡ್ ಟ್ರುಯಿಟ್ ಸಾವಿರದ ಒಂಬೈನೂರು ಮತಗಳಿಂದ ಗೆದ್ದ. ಇನ್ನು ಆರು ವರ್ಷ ಕುರ್ಚಿ ಅವನದೇ.

ಎಣಿಕೆ ಮುಗಿದ ಎರಡನೆಯ ದಿನ ಜಾರ್ಜ್‌ಟೌನಿನಲ್ಲಿ ರಿಟರ್ನ್ ಡೇ. ಗೆದ್ದವರೂ ಸೋತವರೂ ಒಂದೇ ಕುದುರೆಗಾಡಿಯಲ್ಲಿ ಕೂತು ಮೆರವಣಿಗೆ ಹೋಗಬೇಕು, ಕಡೆಗೆ ಒಂದು ಕೊಡಲಿಯನ್ನು ಮರಳಿನಲ್ಲಿ ಹೂತು ಹಗೆ ಮುಗಿಸಬೇಕು. ಸೋತವರು ತಪ್ಪಿಸಿಕೊಂಡರೆ ಹೇಡಿ ಅನ್ನಿಸಿಕೊಳ್ಳುತ್ತಾರೆ. ಕರ್ಟಿಸ್ ತಪ್ಪಿಸಿಕೊಳ್ಳಲಿಲ್ಲ. ಎಲ್ವುಡ್‌ನ ಪಕ್ಕದಲ್ಲೇ ಕೂತ, ಎದುರು ಸೀಟಿನಲ್ಲಿ ನೋರೀನ್. ಎಲ್ವುಡ್ ಅಂದು ಹೊಸ ಸೂಟು ತೊಟ್ಟಿದ್ದ. ಕಾರ್ಡು ಹಳೆಯ ಕೋಟಿನಲ್ಲೇ ಉಳಿದಿತ್ತು. ಗೆದ್ದ ಮೇಲೆ ಅದರ ಹಂಗೇಕೆ?

“ಏನಪ್ಪಾ ಕರ್ಟಿಸ್, ಇವತ್ತು ಗುರುವಾರ! ಬಿಡುವಾಯ್ತಾ?” ಗುಂಪಿನಿಂದ ಯಾರೋ ಕೂಗಿದರು. ಜನ ಘೊಳ್ಳೆಂದು ನಕ್ಕರು.

ಕರ್ಟಿಸ್ ಕಿವಿಯವರೆಗೆ ಕೆಂಪಾದ. ಗಾಳಿ ಕೊರೆಯುತ್ತಿತ್ತು, ಗಾಡಿಯಲ್ಲಿದ್ದ ಕಂಬಳಿಯನ್ನು ಬಿಡಿಸಿ ಸೆನೆಟರರ ಮೊಣಕಾಲ ಮೇಲೆ ಹೊದಿಸಿದ. ಎಲ್ವುಡ್ ಸಂತೋಷದಿಂದ ಅವನ ಭುಜ ತಟ್ಟಿದ. ಆಮೇಲೆ ಮುಂದಕ್ಕೆ ಬಾಗಿ ಹೆಂಡತಿಯ ಕಿವಿಯಲ್ಲಿ ಕೇಳಿದ:

“ಒಳ್ಳೇ ಹುಡುಗ ಕಣೇ. ಯಾರಿವನು? ನಮ್ಮ ಪಕ್ಷದವನಾ?”

ಪಕ್ಕದಲ್ಲಿದ್ದ ಕರ್ಟಿಸ್‌ಗೂ ಅದು ಕೇಳಿಸಿತು. ಎಲ್ವುಡ್ ಆಗಲೇ ಜನರತ್ತ ತಿರುಗಿ ಕೈಬೀಸತೊಡಗಿದ್ದ.

“ಬುಧವಾರ ತಪ್ಪಿಸಬೇಡಿ ನೋರೀನ್,” ಎಂದ ಕರ್ಟಿಸ್ ಮೆಲ್ಲಗೆ. “ಆ ನೆಲಮಾಳಿಗೆಗೆ ಬರೋ ಹನ್ನೆರಡು ಜನರ ಮನೆಯಲ್ಲೂ ಮರೆವಿನ ಕಾಯಿಲೆ ಶುರುವಾಗಿದ್ದು ಹೀಗೇ. ನಮ್ಮಮ್ಮ ಮೊದಲು ಮರೆತಿದ್ದು ನನ್ನನ್ನೇ.”