ಹದಿನಾರು ಗಂಟೆಯ ಬಿಡುವು

ರೈಲು ಹೊರಡಲು ಇನ್ನು ನಲವತ್ತು ನಿಮಿಷವಿತ್ತು. ಡ್ಯೂಟಿ ಪುಸ್ತಕದಲ್ಲಿ 'ಸಾಕಷ್ಟು ವಿಶ್ರಾಂತಿ ಆಗಿದೆಯೇ?' ಎಂಬ ಕಲಮಿನ ಎದುರು ಚಾಲಕಿ 'ಇಲ್ಲ' ಎಂದು ಬರೆದು ಸಹಿ ಹಾಕಿದಳು.

ಗುಮಾಸ್ತ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. ಅವನ ಇಪ್ಪತ್ತು ವರ್ಷದ ನೌಕರಿಯಲ್ಲಿ ಆ ಜಾಗದಲ್ಲಿ 'ಹೌದು' ಬಿಟ್ಟು ಬೇರೆ ಮಾತು ಬಿದ್ದದ್ದೇ ಇಲ್ಲ. ಆಕಳಿಸುತ್ತ ಬಂದವರೂ, ಕಣ್ಣು ಕೆಂಪಗೆ ಮಾಡಿಕೊಂಡು ಬಂದವರೂ 'ಹೌದು' ಎಂದು ಗೀಚಿಯೇ ಎಂಜಿನ್ ಹತ್ತಿದ್ದರು. ಹನ್ನೊಂದು ವರ್ಷದಿಂದ ಅವಳೂ ಹಾಗೆ ಗೀಚಿದವಳೇ. ಕೈತಪ್ಪಿ ಬರೆದಿರಬೇಕು, ಹೊಡೆದುಹಾಕಿ ಮೇಡಂ ಎಂದ. ಅವಳು ಪೆನ್ನು ಮುಚ್ಚಿಟ್ಟಳು. ಪಾಪ, ಅವನಾದರೂ ಏನು ಮಾಡಿಯಾನು? ಎದ್ದುಬಿದ್ದು ಓಡಿ ಅಧಿಕಾರಿಯನ್ನೇ ಕರೆತಂದ.

"ನಿಯಮದ ಪ್ರಕಾರ ಸಿಗಬೇಕಾದ್ದಕ್ಕಿಂತ ಜಾಸ್ತೀನೇ ಸಿಕ್ಕಿದೆ ನಿಮಗೆ. ಹದಿನಾರು ಗಂಟೆ ಬಿಡುವು," ಎಂದರು ಅಧಿಕಾರಿ. "ಅಷ್ಟೂ ಹೊತ್ತು ಏನು ಮಾಡಿದ್ರಿ?"

"ಮನೆಗೆ ಹೋಗಿದ್ದೆ ಸರ್."

ಅವರಿಗೆ ತಲೆಬುಡ ತಿಳಿಯಲಿಲ್ಲ. ಬಿಡಿಸಿ ಹೇಳಬೇಕಾಯಿತು: ಎಂಜಿನ್ ಇಳಿದು ಹೋದವಳು ಎರಡು ಬಕೆಟ್ ಬಟ್ಟೆ ಒಗೆದದ್ದು, ಗಂಡನ ಕಚೇರಿಯ ನಾಲ್ವರು ಹೇಳದೆ ಕೇಳದೆ ಊಟಕ್ಕೆ ಬಂದದ್ದು, ಪರೀಕ್ಷೆಯೆಂದು ಅಳುತ್ತಿದ್ದ ಮಗಳನ್ನು ಕೂರಿಸಿಕೊಂಡು ಓದಿಸಿದ್ದು, ಎಲ್ಲರಿಗಿಂತ ಮೊದಲೆದ್ದು ಮಗಳಿಗೂ ತನಗೂ ಡಬ್ಬಿ ಕಟ್ಟಿದ್ದು. ಮನೆಯ ವಿಷಯವನ್ನು ಇಲ್ಲಿ ಯಾಕೆ ತರುತ್ತೀರಿ ಎಂದು ಅಧಿಕಾರಿ ಗಡಿಯಾರ ನೋಡಿದರು. ಇದು ದಾಖಲಾದರೆ ಮುಂದಿನ ತಿಂಗಳು ಅವಳಿಗೆ ಬರಬೇಕಾದ ಎಕ್ಸ್‌ಪ್ರೆಸ್ ಗಾಡಿ ಬೇರೆಯವರ ಪಾಲಾದೀತು ಎಂದೂ ನೆನಪಿಸಿದರು. ಆರು ವರ್ಷ ಬಾಯಿಬಿಟ್ಟುಕೊಂಡು ಕಾದಿದ್ದ ಗಾಡಿ. ಅದು ಕೈತಪ್ಪೀತೆಂಬ ಹೆದರಿಕೆ ಅವಳಿಗೂ ಇತ್ತು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆಯೊಂದು ನಿನ್ನೆಯಿಂದ ಅವಳೊಳಗೆ ಕೂತಿತ್ತು.

ಪ್ರತಿ ಸಿಗ್ನಲಿನ ಬಣ್ಣವನ್ನು ಚಾಲಕ, ಸಹಾಯಕ ಇಬ್ಬರೂ ಗಟ್ಟಿಯಾಗಿ ಕೂಗಿ ಹೇಳಬೇಕೆನ್ನುವುದು ಎಂಜಿನ್ನಿನ ಪದ್ಧತಿ. "ನಿನ್ನೆ ಸೇತುವೆ ಹತ್ರ ನಾನು ಹಸಿರು ಅಂತ ಕೂಗಿದೆ," ಎಂದಳು. "ಸಹಾಯಕನೂ ಹಸಿರು ಅಂದ. ಇದ್ದದ್ದೂ ಹಸಿರೇ. ಆದ್ರೆ ನಾನದನ್ನ ನೋಡಿದ್ದು ನೆನಪಿಲ್ಲ ಸರ್. ಅಭ್ಯಾಸಬಲದಿಂದ ಬಾಯಿ ಕೂಗಿತ್ತು, ನಾನು ನಿದ್ದೇಲಿದ್ದೆ. ಹಿಂದೆ ಎಂಟುನೂರು ಜನ ಇದ್ರು."

ಅಧಿಕಾರಿ ಗುಮಾಸ್ತನಿಗೆ ಬದಲಿ ಚಾಲಕನನ್ನು ಕರೆಯಲು ಹೇಳಿದರು, ಅವಳಿಗೆ ನಾಳೆ ಬೆಳಗಿನ ಗಾಡಿಗೆ ಬರಲು ಹೇಳಿದರು. ಎಕ್ಸ್‌ಪ್ರೆಸ್ಸಿನ ಮಾತು ಅವರು ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಮನೆಯಲ್ಲಿ ಗಂಡನಿಗೆ ರಜೆ. ಬೇಗ ಬಂದದ್ದು ಒಳ್ಳೆಯದೇ ಆಯಿತು ಎಂದವನೇ ಇಸ್ತ್ರಿಗೆ ಬಿದ್ದ ಬಟ್ಟೆ, ಮುಗಿದ ಗ್ಯಾಸು, ಸಂಜೆಗೆ ಬರುವ ನೆಂಟರು ಎಂದು ಪಟ್ಟಿ ಒಪ್ಪಿಸತೊಡಗಿದ. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು, ಸೇತುವೆಯದನ್ನೂ ಬಿಡಲಿಲ್ಲ. ಅತ್ತೆ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು.

"ಈಗ ನಾನು ಮಲಗ್ತೀನಿ. ಇವತ್ತೊಂದಿನದ ಮಾತಲ್ಲ ಇದು," ಎಂದಳು. "ಇನ್ಮೇಲೆ ಗಾಡಿ ಹತ್ತೋ ಮುಂಚೆ ಎಂಟು ಗಂಟೆ ನಾನು ಈ ಮನೇಲಿ ಇಲ್ಲ ಅಂತಾನೇ ಅಂದ್ಕೊಳ್ಳಿ." ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ಗಂಡನಿಗೆ ಪಿತ್ತ ನೆತ್ತಿಗೇರಿತು. ನೆಂಟರ ಮುಂದೆ ಮಾನ ಹೋಗುತ್ತದೆ ಎಂದು ಗೊಣಗುತ್ತ ಬಾಗಿಲು ಬಡಿಯಲು ಕೈ ಎತ್ತಿದ. ಹಿಂದಿನಿಂದ ಅವನ ತಾಯಿ ಬಂದು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸೊಸೆ ಹಗಲು ಹೊತ್ತು ತಲೆದಿಂಬು ಮುಟ್ಟಿದರೂ ಮೂಗು ಮುರಿಯುತ್ತಿದ್ದ ಹೆಂಗಸು ಅವರು.

"ನಾಳೆ ಬೆಳಗ್ಗೆ ಅವಳ ಗಾಡೀಲೇ ಕಣೋ ನಾನು ನಿನ್ನ ತಂಗಿ ಮನೆಗೆ ಹೋಗೋದು," ಎಂದು ಪಿಸುಗುಟ್ಟಿದರು. "ಸದ್ದು ಮಾಡ್ದೆ ಬಂದು ತರಕಾರಿ ಹೆಚ್ಚು."