ಆಫ್ರಾ ಓದಿದ ಪದ್ಯ

ಜುಲೈಕಾ ಹೆಡ್‌ಫೋನನ್ನು ಶಾಲಿನ ಮೇಲಿಂದಲೇ ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಜ್ವರದಲ್ಲಿ ತೀರಿಕೊಂಡ ಮಗಳು ಆಫ್ರಾ ಓದಿದ ಪದ್ಯ ಕೇಳಲಿಕ್ಕೆಂದೇ ಫರಂಗಿಪೇಟೆಯಿಂದ ಶಾಲೆಗೆ ಬಂದಿದ್ದಳು. "ಅವಳ ಸ್ವರ ಕಂಪ್ಯೂಟರಿನಲ್ಲಿ ಉಂಟು, ಬನ್ನಿ" ಎಂದು ಕರೆಸಿದವರು ಅಮ್ಮಣ್ಣಿ ಟೀಚರ್.

ಮೌಸ್ ಒತ್ತಿದ ಮೇಲೆಯೇ ಟೀಚರಿಗೆ ಹೊಳೆಯಿತು. ತರಬೇತಿಯಲ್ಲಿ ಬರೆದುಕೊಂಡಿದ್ದಂತೆ, ಅವರು ಪ್ರತಿ ಮಗುವಿನ ಓದನ್ನೂ 'ಪದ್ಯ' ಎಂಬ ಒಂದೇ ಹೆಸರಿನಲ್ಲಿ ಉಳಿಸಿದ್ದರು. ಹಳೆಯದನ್ನು ಅಳಿಸಲೇ ಎಂದು ಕಂಪ್ಯೂಟರ್ ಕೇಳಿದಾಗಲೆಲ್ಲ ಹೌದೆಂದು ಒತ್ತಿದ್ದರು. ನಿನ್ನೆ ಕೊನೆಗೆ ಓದಿದವಳು ಸಾತ್ವಿಕಾ.

ಪದ್ಯ ಮುಗಿಯಿತು. ಟೀಚರ್ ಬಾಯಿ ತೆರೆಯುವ ಮೊದಲೇ ಜುಲೈಕಾ ಹೆಡ್‌ಫೋನ್ ತೆಗೆದು, ವಯರನ್ನು ಮೆಲ್ಲಗೆ ಸುತ್ತಿ ಮೇಜಿನ ಮೇಲಿಟ್ಟಳು.

"ಚೆಂದ ಓದ್ತಾಳೆ ಟೀಚರೇ," ಎಂದಳು. "ಯಾರ ಮಗಳು?"