ಹಲ್ಲಿಗೊಂದು ಸಾಲು

“ಇದು ಕದ್ದ ಮಾಲು,” ಎಂದರು ಸೂಜಿ ಮೇಡಂ, ಪೋಸ್ಟರಿಗೆ ಪೆನ್ನಿನ ತುದಿ ಒತ್ತಿ.

ದಂತ ವೈದ್ಯಕೀಯ ವಿದ್ಯಾರ್ಥಿಗಳ ಸಂಶೋಧನಾ ಸ್ಪರ್ಧೆಗೆ ತೀರ್ಪು ಕೊಡಲು ಹೊರಗಿನಿಂದ ಬಂದವರು ಅವರೊಬ್ಬರೇ. ಕೂದಲೆಳೆಯಷ್ಟು ಹುಳುಕಿದ್ದರೂ ಕೆದಕಿ ತೆಗೆಯುತ್ತಾರೆಂದು ಹಿಂದೆ ಯಾವುದೋ ಬ್ಯಾಚಿನವರು ಇಟ್ಟ ಹೆಸರದು. ಕೇಳಿದರೆ ಸಿಡುಕುತ್ತಿದ್ದರು, ಒಳಗೊಳಗೆ ಇಷ್ಟವೇ.

ಪೋಸ್ಟರಿನ ಪಕ್ಕ ಕೈಕಟ್ಟಿ ನಿಂತವಳು ಕೊನೆಯ ವರ್ಷದ ಹುಡುಗಿ. ನಾನೂರು ಬೇಕರಿ ಕೆಲಸಗಾರರ ಬಾಯಿ ತೆರೆಸಿ, ಸಕ್ಕರೆ ಪುಡಿ ಯಾವ ಹಲ್ಲನ್ನು ಎಷ್ಟು ತಿಂದಿದೆ ಎಂದು ಪಟ್ಟಿ ಮಾಡಿದ್ದಳಂತೆ. ಹಲ್ಲಿಗೊಂದು ಸಾಲು. ಅದೇ ಪಟ್ಟಿಯನ್ನು ಮೇಡಂ ಬೆಳಿಗ್ಗೆಯೇ ಕಂಡಿದ್ದರು. ವಿಭಾಗದ ಮುಖ್ಯಸ್ಥರು ತಮ್ಮ ಹೊಸ ಪ್ರಬಂಧದ ಪ್ರತಿಯನ್ನು ಪೆನ್ನು, ನೀರಿನ ಬಾಟಲಿಯ ಜೊತೆ ತೀರ್ಪುಗಾರರ ಚೀಲಗಳಿಗೆಲ್ಲ ಹಾಕಿಸಿದ್ದರು. ಯಾರೂ ಕೇಳಿರಲಿಲ್ಲ.

ಮೊದಲ ಹಲ್ಲು: ಪ್ರಬಂಧದಲ್ಲಿ ಶೇಕಡಾ ಇಪ್ಪತ್ತೇಳೂವರೆ, ಇಲ್ಲೂ ಇಪ್ಪತ್ತೇಳೂವರೆ. ಎರಡನೆಯದು, ಮೂರನೆಯದು, ಅಚ್ಚುಹಾಕಿದ ಹಾಗೆ.

“ನಿಮ್ಮದು ಅಚ್ಚಾಗಿ ಮೂರು ತಿಂಗಳಾಯ್ತಲ್ಲ ಸರ್?” ಮೇಡಂ ಪಕ್ಕದಲ್ಲೇ ನಿಂತಿದ್ದ ಮುಖ್ಯಸ್ಥರತ್ತ ತಿರುಗಿದರು.

“ಆಯ್ತು. ಹೋಗಲಿ ಬಿಡಿ ಮೇಡಂ, ನಮ್ಮ ಹುಡುಗಿ. ಸದ್ದಿಲ್ಲದೆ ಪೋಸ್ಟರ್ ಇಳಿಸಿದರೆ ಸಾಕು.” ಮುಖ್ಯಸ್ಥರು ಮೂವತ್ತೆರಡೂ ಹಲ್ಲು ತೋರಿಸಿ ನಕ್ಕರು.

ಎಂಥ ದೊಡ್ಡ ಮನಸ್ಸು ಎಂದುಕೊಂಡ ಮೇಡಂ ಇನ್ನಷ್ಟು ಕೆರಳಿದರು. ಇಂಥ ಸಜ್ಜನರ ತಲೆ ಸವರುವವರನ್ನು ಸುಮ್ಮನೆ ಬಿಡುವುದುಂಟೆ?

“ನಕಲು ಅಂತ ನಾನು ಬರೆದುಕೊಟ್ಟರೆ ಈ ವರ್ಷ ಪರೀಕ್ಷೆಗೆ ಕೂರೋ ಹಾಗಿಲ್ಲ. ಗೊತ್ತು ತಾನೆ?”

“ಗೊತ್ತು ಮೇಡಂ. ಅದಕ್ಕೇ ಪೂರ್ತಿ ಹೋಲಿಸಿ ನೋಡಿ.”

ದನಿಯಲ್ಲಿ ನಡುಕವೇ ಇಲ್ಲ. ಭಂಡತನ ಎಂದರೆ ಇದು.

“ಅಷ್ಟೆಲ್ಲ ಯಾಕೆ ಮೇಡಂ? ಕಾಫಿ ಆರ್ತಾ ಇದೆ,” ಎಂದರು ಮುಖ್ಯಸ್ಥರು.

ಕಾಫಿ ಆರಲಿ. ಮೇಡಂ ಕನ್ನಡಕ ಏರಿಸಿ ಸಾಲು ಸಾಲಾಗಿ ಇಳಿದರು. ಎಲ್ಲವೂ ಒಂದೇ. ಕೊನೆಗೆ ಬಂದಾಗ ಅವರ ಮುಖ ಅರಳಿತು.

“ನೋಡು, ಸರ್ ಪಟ್ಟಿಯ ಕೊನೇ ಸಾಲನ್ನೇ ಬಿಟ್ಟುಬಿಟ್ಟಿದೀಯ. ನಕಲು ಹೊಡೆಯೋಕೂ ಸ್ವಲ್ಪ ಶ್ರದ್ಧೆ ಬೇಕಮ್ಮ.”

ಅಕ್ಕಪಕ್ಕದ ಪೋಸ್ಟರುಗಳವರು ಕಿಸಕ್ಕೆಂದರು. ಹುಡುಗಿ ಮಾತ್ರ ಅಲ್ಲವೆಂದು ತಲೆಯಾಡಿಸಿದಳು.

“ಬಿಟ್ಟಿದ್ದಲ್ಲ ಮೇಡಂ. ಹೋದ ವರ್ಷ ಸರ್ ತಿದ್ದಿಕೊಡ್ತೀನಿ ಅಂತ ನನ್ನ ಪಟ್ಟಿ ತರಿಸಿಕೊಂಡರು. ಸೀನಿಯರ್ ಅಕ್ಕಂದಿರು ಹುಷಾರು ಅಂದಿದ್ದರು. ಅದಕ್ಕೆ ಸರ್‌ಗೆ ಕೊಟ್ಟ ಪ್ರತಿಯಲ್ಲಿ ಮಾತ್ರ ಒಂದು ಸಾಲು ಜಾಸ್ತಿ ಸೇರಿಸಿದ್ದೆ. ಅವರ ಪಟ್ಟೀನ ಒಂದು ಸಲ ಎಣಿಸಿ.”

ಮುಖ್ಯಸ್ಥರ ಮೂವತ್ತೆರಡೂ ಹಲ್ಲು ಒಳಗೆ ಹೋದವು.

ಮೇಡಂ ಬೆರಳಿಟ್ಟು ಎಣಿಸಿದರು. ಮೂವತ್ತು. ಮೂವತ್ತೊಂದು. ಮೂವತ್ತೆರಡು. ಪುಟದಲ್ಲಿ ಇನ್ನೂ ಒಂದು ಸಾಲು ಉಳಿದಿತ್ತು. ಇಪ್ಪತ್ತು ವರ್ಷ ಜನರ ಬಾಯಿ ನೋಡಿದ ಸೂಜಿ ಮೇಡಂ ಅವರ ನಾಲಿಗೆ, ತನ್ನಷ್ಟಕ್ಕೆ ತಾನೇ, ಅವರ ಬುದ್ಧಿಹಲ್ಲಿನ ಹಿಂದೆ ಹೋಗಿ ತಡಕಾಡಿತು.

ಮುಖ್ಯಸ್ಥರು ಖುದ್ದಾಗಿ ಪರೀಕ್ಷಿಸಿದ ಆ ನಾನೂರು ಬಾಯಿಗಳಲ್ಲಿ ಮೂವತ್ತಮೂರನೆಯ ಹಲ್ಲೂ ಇತ್ತು. ನೂರಾ ಹನ್ನೆರಡು ಜನರಿಗೆ ಅದು ಹುಳುಕೂ ಹಿಡಿದಿತ್ತು.